ಕಾರಿಗೆ ಸಣ್ಣ ಡೆಂಟ್ ಬಿದ್ದರೆ, ಇನ್ಶೂರೆನ್ಸ್ ಕ್ಲೇಮ್‌ಗೆ ಮೊದಲು ಇದನ್ನು ಓದಿ

ನಮಸ್ಕಾರ ರೀ ಎಲ್ಲರಿಗೂ. ದುರ್ಗದಬೈಲಿನ ಗದ್ದಲದಲ್ಲೋ ಗೋಕುಲ ರೋಡಿನ ಪಾರ್ಕಿಂಗ್‌ನಲ್ಲೋ ಬಂಪರ್ ಉಜ್ಜಿತು ಅಂತ ಈ ಗುಂಪಿನಲ್ಲಿ ಮೇಲಿಂದ ಮೇಲೆ ಫೋಟೊ ಬರುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಲ್ಲಿ ಕ್ಲೇಮ್ ಹಾಕಬೇಡಿ. ಅದೇ ದಿನ ಗ್ಯಾರೇಜಿನಲ್ಲಿ ಎಸ್ಟಿಮೇಟ್ ತಗೊಳ್ಳಿ.

ಒಂದು ಕ್ಲೇಮ್ ಆದರೂ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಸತತ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 50, ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು, ಸುಮ್ನೆ ಕಳಕೊಳ್ಳುವಂಥದ್ದಲ್ಲ. ಮೇಲಾಗಿ 1500 ಸಿಸಿ ತನಕದ ಕಾರಿಗೆ ಪ್ರತಿ ಕ್ಲೇಮಿಗೂ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ನಮ್ಮ ಕೈಯಿಂದಲೇ ಹೋಗುತ್ತದೆ. ಝೀರೋ ಡೆಪ್ (ಭಾಗಗಳ ಸವಕಳಿ ಕಡಿತ ಮಾಡದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಕಡಿತ. ಹೀಗಾಗಿ ಮೂರು-ನಾಲ್ಕು ಸಾವಿರದ ಕೆಲಸವನ್ನು ಸ್ವಂತ ದುಡ್ಡಿನಲ್ಲೇ ಮಾಡಿಸುವುದು ಲೇಸು ಅಂತ ನನ್ನ ಅನಿಸಿಕೆ.

ಖರ್ಚು ಜಾಸ್ತಿ ಇದ್ದರೆ ಮಾತ್ರ ತಡ ಮಾಡದೆ ಕಂಪನಿಗೆ ತಿಳಿಸಿ, ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ತನಕ ಏನೂ ಬಿಚ್ಚಿಸಬೇಡಿ. ಬೇರೆಯವರಿಗೆ ಪೆಟ್ಟಾಗಿದ್ದರಂತೂ ಈ ಲೆಕ್ಕಾಚಾರವೇ ಬೇಡ, ಕೂಡಲೇ ತಿಳಿಸಿ. ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗಷ್ಟೇ ಇರುವ) ಪಾಲಿಸಿ ಇದ್ದರೆ ಸ್ವಂತ ಕಾರಿನ ರಿಪೇರಿಗೆ ಏನೂ ಬರುವುದಿಲ್ಲ, ನಿಮ್ಮದು ಯಾವುದು ಅಂತ ಇವತ್ತೇ ತೆಗೆದು ನೋಡಿ.