ಗಾರೆ ಮೆತ್ತದ ಗೋಡೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು "ಆರ್ಕಿಟೆಕ್ಟ್ ಆಫೀಸಿನಲ್ಲಿ ನಾಲ್ಕು ತಿಂಗಳಿಂದ ಬರೀ ಅಡುಗೆಮನೆ, ಬಚ್ಚಲುಮನೆ ಡ್ರಾಯಿಂಗೇ ಕೊಡ್ತಿದಾರೆ ಅಪ್ಪ" ಅಂದಾಗ ಹೂಂ ಅಂದು ಸುಮ್ಮನಾದೆ. ಫೋನಿನಲ್ಲಿ ನನಗೆ ಮಾತು ಬರೋದಿಲ್ಲ, ಗೊತ್ತಲ್ವಾ. ರಾತ್ರಿ ಮಲಗಿದ ಮೇಲೆ ಅಮೆರಿಕದ ಬರ್ಕ್ಲಿಯ ಆ ಚರ್ಚು ನೆನಪಾಯಿತು.

ನಾವು ಬಂದಿದ್ದಾಗ ಕಾಲೇಜ್ ಅವೆನ್ಯೂದಲ್ಲಿ ತೋರಿಸಿದ್ದೆಯಲ್ಲ, ಈಗ ನಾಟಕದ ಥಿಯೇಟರ್ ಆಗಿದೆಯಲ್ಲ, ಅದು. ಮೊದಲು ಸೇಂಟ್ ಜಾನ್ಸ್ ಪ್ರೆಸ್ಬಿಟೇರಿಯನ್ ಚರ್ಚು, 1910ರ ಸುಮಾರಿಗೆ ಜೂಲಿಯಾ ಮಾರ್ಗನ್ ಅನ್ನೋ ಆರ್ಕಿಟೆಕ್ಟ್ ಹೆಣ್ಣುಮಗಳು ಕಟ್ಟಿಸಿದ್ದು. ಹೊರಗಿನಿಂದ ನೋಡಿ, ಇದು ಯಾರದೋ ಮನೆ ಅಲ್ವಾ ಅಂದಿದ್ದೆ. ಗೋಪುರದ ಆಡಂಬರವಿಲ್ಲ, ಅಕ್ಕಪಕ್ಕದ ಮನೆಗಳ ಹಾಗೇ ತಗ್ಗಿಕೊಂಡು ಕೂತಿದೆ. ಒಳಗೆ ಹೋಗಿ ತಲೆ ಎತ್ತಿದವನು ಹಾಗೇ ನಿಂತುಬಿಟ್ಟೆ. ಗೋಡೆ ಹಿಡಿದ ಮರದ ಕಂಬ, ಮಾಡಿನ ತೊಲೆ, ಅಡ್ಡಪಟ್ಟಿ, ಎಲ್ಲಾ ಕಣ್ಣೆದುರಿಗೇ, ಒಂದಕ್ಕೂ ಗಾರೆಯಿಲ್ಲ. ನಮ್ಮಲ್ಲಿ ಅಟ್ಟ ಹತ್ತಿದರೆ ಮಾತ್ರ ಕಾಣೋದನ್ನು ಆಕೆ ದೇವರ ಮುಂದೆ ಇಟ್ಟಿದ್ದಾಳೆ. ಚರ್ಚಿನವರ ಹತ್ತಿರ ದುಡ್ಡು ಕಡಿಮೆಯಿತ್ತು ಅಂದೆ ನೀನು. ಇರಬಹುದು, ಆದರೆ ಮರ ಬರಿದಾಗಿ ಕಾಣಬೇಕು ಅಂದ್ರೆ ಒಂದು ಜಾಯಿಂಟು ತಪ್ಪಿದರೂ ಸಿಕ್ಕಿಬೀಳ್ತೀವಿ, ಮೂವತ್ತು ವರ್ಷ ಮನೆ ಕಟ್ಟಿಸಿದ ನನ್ನಂಥವನಿಗೆ ಗೊತ್ತು, ನಾವು ಎಷ್ಟು ತಪ್ಪನ್ನು ಗಾರೆ ಹಿಂದೆ ತಳ್ಳಿದ್ದೀವಿ ಅಂತ.

ಊರಿಗೆ ಬಂದಮೇಲೆ ಆಕೆಯ ಬಗ್ಗೆ ಓದಿದೆ. ಬರ್ಕ್ಲಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಅನ್ನೋ ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೂರನೇ ಸಲಕ್ಕೆ ಪಾಸಾದಳು, 1898ರಲ್ಲಿ. ಅಲ್ಲಿ ವಾಸ್ತುಶಿಲ್ಪಕ್ಕೆ ಸೇರಿದ ಮೊದಲ ಹೆಣ್ಣುಮಗಳು. ವಾಪಸ್ ಬಂದು ಕೆಲಸಕ್ಕೆ ಸೇರಿದರೆ, ಹೆಂಗಸು ಅಂತ ಇವಳಿಗೆ ಸಂಬಳ ಹೆಚ್ಚುಕಮ್ಮಿ ಏನೂ ಕೊಡಬೇಕಿಲ್ಲ ಅಂತ ಯಜಮಾನ ಹೇಳಿಕೊಂಡು ತಿರುಗುತ್ತಿದ್ದನಂತೆ. 1904ರಲ್ಲಿ ಲೈಸೆನ್ಸ್ ತಗೊಂಡು ಸ್ವಂತ ಆಫೀಸು ತೆರೆದಳು. ಅದೇ ವರ್ಷ ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜಿಗೆ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಗಂಟೆ ಗೋಪುರ ಕಟ್ಟಿಸಿದಳು. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನೆಲಕಚ್ಚಿದಾಗ ಆ ಗೋಪುರಕ್ಕೆ ಏನೂ ಆಗಲಿಲ್ಲ. ಆಮೇಲೆ ಕೆಲಸ ಹುಡುಕಿಕೊಂಡು ಬಂತು.

ಜನ ಆಕೆಯನ್ನು ನೆನೆಯೋದು ಪತ್ರಿಕೆಗಳ ಒಡೆಯ ಹರ್ಸ್ಟ್ ಸಾಹುಕಾರನಿಗೆ ಗುಡ್ಡದ ಮೇಲೆ 1919ರಿಂದ 28 ವರ್ಷ ಕಟ್ಟಿದ ಅರಮನೆಗಾಗಿ. ಫೋಟೋದಲ್ಲಿ ನೋಡಿದೆ. ನನಗೆ ಜಾಸ್ತಿಯಾಯಿತು ಅನ್ನಿಸಿತು, ಮದುವೆ ಛತ್ರದ ಹಾಗೆ. ಆಕೆ ಮಾಡಿದ್ದು ಹತ್ತಿರ ಹತ್ತಿರ 700 ಕಟ್ಟಡ, ಅದರಲ್ಲಿ ಬೇಕಾದಷ್ಟು ಸಾಮಾನ್ಯ ಜನರ ಮನೆಗಳು. ಅಮೆರಿಕದ ಆರ್ಕಿಟೆಕ್ಟರ ಸಂಘ ಚಿನ್ನದ ಪದಕ ಕೊಟ್ಟಿದ್ದು 2014ರಲ್ಲಿ. ಆಕೆ ತೀರಿಕೊಂಡದ್ದು 1957ರಲ್ಲಿ! ಇದನ್ನು ಓದಿ ನಿನ್ನ ಅಮ್ಮ, "ಅದನ್ನ ಈಗ ಯಾರ ಕೊರಳಿಗೆ ಹಾಕ್ತಾರೆ?" ಅಂದಳು.

ಆಫೀಸಿನಲ್ಲಿ ಬೇಜಾರಾದರೆ ಹೇಳು, ಬಿಟ್ಟರೂ ನನಗೇನೂ ಇಲ್ಲ. ಆದರೆ ಆ ಅಡುಗೆಮನೆ ನಕ್ಷೆ ಒಂದು ಕಳಿಸು. ಅಮ್ಮನಿಗೆ ತೋರಿಸ್ತೀನಿ. ಸಿಂಕಿನ ಮುಂದೆ ಕಿಟಕಿ ಇದೆಯಾ ಅಂತ ಆಗಲೇ ಎರಡು ಸಲ ಕೇಳಿದಳು.

ಅಪ್ಪ