ಔಟ್‌ಟರ್ನ್ ಪರೀಕ್ಷೆ ಸಹಕಾರ ಸಂಘದ ಗೋದಾಮಿನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಸಂಶೋಧನಾ ಕೇಂದ್ರಗಳಿಗೆ ಬರವಿಲ್ಲ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಅದೇ ಊರಿನಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಇತ್ತ ಕುಶಾಲನಗರದ ಸುತ್ತ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳು. ಆದರೂ ಸಣ್ಣ ಬೆಳೆಗಾರ ತನ್ನ ಚೀಲದೊಳಗೆ ಎಷ್ಟು ಕಾಫಿ ಬೇಳೆ ಇದೆ, ಅಂದರೆ ಅದರ ಔಟ್‌ಟರ್ನ್ ಎಷ್ಟು, ಎಂದು ತಿಳಿಯದೆಯೇ ಮಾರುತ್ತಾನೆ. ಸಂಶೋಧನೆ ಮತ್ತು ಉದ್ಯಮ ಕೈಜೋಡಿಸಬೇಕೆಂದು ಸಭೆಗಳಲ್ಲಿ ಹೇಳುವವರು ಮೊದಲು ನೋಡಬೇಕಾದ್ದು ಇದನ್ನು.

ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಕಾಫಿ ಹಣ್ಣು) ಮಾರಾಟ ನಡೆಯುವುದು ಔಟ್‌ಟರ್ನ್ ಲೆಕ್ಕದಲ್ಲಿ. 50 ಕೆ.ಜಿ. ಒಣ ಚೆರ್ರಿ ಚೀಲದಲ್ಲಿ ಸಿಪ್ಪೆ ಹೋಗಿ 28 ಕೆ.ಜಿ. ಬೇಳೆ ಸಿಕ್ಕಿದರೆ ಔಟ್‌ಟರ್ನ್ 28. ಅದನ್ನು 26 ಎಂದು ಹಿಡಿದರೆ ಚೀಲಕ್ಕೆ ಎರಡು ಕೆ.ಜಿ. ಹೋಯಿತು, ನೂರು ಚೀಲಕ್ಕೆ ಎರಡು ಕ್ವಿಂಟಲ್. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲಿಂಗ್ ಪದ್ಧತಿ ಇದ್ದಾಗ ಕಾಫಿ ಕಡ್ಡಾಯವಾಗಿ ಕಾಫಿ ಮಂಡಳಿಗೆ ಹೋಗುತ್ತಿತ್ತು, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಣಮಟ್ಟ ನೋಡಿ ಪಾಯಿಂಟ್ ಲೆಕ್ಕದಲ್ಲಿ ಹಣ ಬರುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಆ ಕಟ್ಟು ಕಳಚಿ ಮಾರುಕಟ್ಟೆ ಮುಕ್ತವಾಯಿತು. ಅದು ಒಳ್ಳೆಯದೇ ಆಯಿತು. ಆದರೆ ಸಣ್ಣ ಬೆಳೆಗಾರನ ಪಾಲಿಗೆ ಪರೀಕ್ಷೆಯ ತಕ್ಕಡಿ ಕೊಳ್ಳುವವನ ಕೈಗೆ ಹೋಯಿತು.

ಇಲ್ಲಿ ಮೋಸಕ್ಕಿಂತ ಅಳತೆಯ ಒರಟುತನವೇ ಹೆಚ್ಚು ನಷ್ಟ ತರುತ್ತದೆ. ಮೇಲಿನ ಚೀಲದಿಂದ ಒಂದು ಹಿಡಿ ತೆಗೆದು, 100 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ ನೋಡಿದರೆ ಒಂದು ಗ್ರಾಂ ತಪ್ಪಿದರೂ ಚೀಲಕ್ಕೆ ಅರ್ಧ ಕೆ.ಜಿ. ವ್ಯತ್ಯಾಸ. ಒಂದು ಕೆ.ಜಿ. ಮಾದರಿಯಲ್ಲಿ ಅದೇ ಒಂದು ಗ್ರಾಂ ತಪ್ಪಿದರೆ ಚೀಲಕ್ಕೆ 50 ಗ್ರಾಂ ಮಾತ್ರ. ಆದ್ದರಿಂದ ಹತ್ತು ಚೀಲಗಳ ಮೇಲು, ನಡು, ತಳದಿಂದ ತೆಗೆದು ಟಾರ್ಪಾಲಿನ ಮೇಲೆ ಬೆರೆಸಿ, ರಾಶಿಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಉಳಿಸಿಕೊಂಡು, ಮತ್ತೆ ಬೆರೆಸಿ ಹಂಚುತ್ತ ಮೂರು ಕೆ.ಜಿ.ಗೆ ಇಳಿಸಬೇಕು. ಒಂದು ಕೆ.ಜಿ. ಪರೀಕ್ಷೆಗೆ, ಒಂದು ಬೆಳೆಗಾರನಿಗೆ, ಒಂದು ಕೊಳ್ಳುವವರಿಗೆ. ಮೂರನ್ನೂ ಗಾಳಿಯಾಡದ ಡಬ್ಬದಲ್ಲಿ ಹಾಕಿ ಸೀಲು ಮಾಡಬೇಕು.

ತೇವಾಂಶದ ಕಥೆ ಬೇರೆ. ರೊಬಸ್ಟಾ ಚೆರ್ರಿಗೆ ಶೇ 11 ಸರಿಯಾದ ಮಟ್ಟ. ಕಣದಲ್ಲಿ ಮೂರು ಅಂಗುಲಕ್ಕಿಂತ ದಪ್ಪ ಹರಡಿದರೆ, ಹೊತ್ತುಹೊತ್ತಿಗೆ ಕೈಯಾಡಿಸದಿದ್ದರೆ, ಅಕಾಲ ಮಳೆಗೆ ಮುಚ್ಚಿದ ಟಾರ್ಪಾಲನ್ನು ಬಿಸಿಲು ಬಂದರೂ ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಅದರ ವಿಷಾಂಶಕ್ಕೆ ಯುರೋಪಿನಲ್ಲಿ ಕಟ್ಟುನಿಟ್ಟಿನ ಮಿತಿ ಇದೆ. ಈ ಭಯಕ್ಕೆ ಹಲವರು ಅತಿಯಾಗಿ ಒಣಗಿಸುತ್ತಾರೆ. ಶೇ 11 ತೇವದ 50 ಕೆ.ಜಿ. ಚೀಲದಲ್ಲಿ ಒಣ ಪದಾರ್ಥ 44.5 ಕೆ.ಜಿ. ಅದನ್ನೇ ಶೇ 9ಕ್ಕೆ ಇಳಿಸಿದರೆ ತೂಕ 48.9 ಕೆ.ಜಿ. ಚೀಲಕ್ಕೆ ಒಂದು ಕೆ.ಜಿ.ಗೂ ಮಿಕ್ಕಿ ಬಿಸಿಲಿನ ಪಾಲು! ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಸದ್ದು ಬರಬೇಕೆನ್ನುವ ಹಳೆಯ ಪರೀಕ್ಷೆ ಕಾಯಿ ಒಣಗಿದ್ದನ್ನು ಹೇಳುತ್ತದೆ, ಅತಿಯಾಗಿ ಒಣಗಿದ್ದನ್ನು ಹೇಳುವುದಿಲ್ಲ.

ನಮ್ಮ ಸಲಹೆ ಇದು. ತಾಲ್ಲೂಕಿಗೊಂದು ಸಹಕಾರ ಸಂಘದ ಗೋದಾಮಿನಲ್ಲಿ ಪರೀಕ್ಷಾ ಮೇಜು: ಮಾದರಿಗಷ್ಟೇ ಸಾಕಾಗುವ ಸಣ್ಣ ಹಲ್ಲರ್ (ಸಿಪ್ಪೆ ಬಿಡಿಸುವ ಯಂತ್ರ), 0.1 ಗ್ರಾಂ ತೋರಿಸುವ ತಕ್ಕಡಿ, ತೇವಾಂಶ ಮೀಟರ್, ಜರಡಿಗಳು. ಜಾಗ ಸಂಘದ್ದು, ಕ್ರಮ ಮತ್ತು ಮೇಲುಸ್ತುವಾರಿ ಚೆಟ್ಟಳ್ಳಿಯ ಕಾಫಿ ಉಪಕೇಂದ್ರದ್ದು, ಯಂತ್ರದ ವೆಚ್ಚದಲ್ಲಿ ಪಾಲು ಕ್ಯೂರಿಂಗ್ ವರ್ಕ್ಸ್‌ನವರದು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಪೊನ್ನಂಪೇಟೆ ಕಾಲೇಜಿನ ವಿದ್ಯಾರ್ಥಿಗಳನ್ನು ಭತ್ಯೆ ಕೊಟ್ಟು ಕೂರಿಸಬಹುದು. ಉದ್ಯಮಕ್ಕೆ ಏನು ಲಾಭ ಎಂದರೆ, ತೇವ ಗೊತ್ತಿರುವ ಲಾಟನ್ನು ಮತ್ತೆ ಒಣಗಿಸುವ ಖರ್ಚಿಲ್ಲ. ಸಂಘಕ್ಕೆ, ಪರೀಕ್ಷೆಯ ಫಲಿತಾಂಶದ ಚೀಟಿಯ ಮೇಲೆ ಅಡಮಾನ ಸಾಲ ಕೊಡುವ ಧೈರ್ಯ. ವಿಜ್ಞಾನಿಗಳಿಗೆ, ಊರುವಾರು ಔಟ್‌ಟರ್ನ್ ಅಂಕಿ: ಎಲ್ಲಿ ಬೇಳೆ ಜೊಳ್ಳಾಗಿದೆ, ಎಲ್ಲಿ ಕಾಯಿ ಕೊರಕ ಹೆಚ್ಚಿದೆ ಎಂಬುದು ತೋಟಕ್ಕೆ ಹೋಗುವ ಮೊದಲೇ ಗೊತ್ತಾಗುತ್ತದೆ. 1990ರಲ್ಲಿ ನಮ್ಮ ದೇಶದಲ್ಲಿ ಮೊದಲು ನೀಲಗಿರಿಯ ಗೂಡಲೂರಿನಲ್ಲಿ ಕಂಡ ಆ ಹುಳುವನ್ನು ಇಂದಿಗೂ ನಾವು ಕೊಯ್ಲಾದ ಮೇಲೆಯೇ ಎಣಿಸುತ್ತಿದ್ದೇವೆ.

ಇದು ಕೆಡುವುದೆಲ್ಲಿ ಎಂಬುದೂ ಊಹಿಸಬಹುದು. ಮೀಟರ್‌ನ ಅಂಕಿ ಸರಿಯುತ್ತ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ, ಪ್ರಯೋಗಾಲಯದ ಓವನ್‌ನಲ್ಲಿ 105 ಡಿಗ್ರಿಯಲ್ಲಿ 16 ಗಂಟೆ ಒಣಗಿಸಿ ತೂಗಿದ ಮಾದರಿಯೊಂದಿಗೆ ಹೋಲಿಸದಿದ್ದರೆ ಅದು ಆಟಿಕೆ. ಸಿಪ್ಪೆ ಸಮೇತ ಚೆರ್ರಿಯನ್ನು, ಇಲ್ಲವೇ ಬಿಸಿಲಿನಿಂದ ಆಗಷ್ಟೇ ಎತ್ತಿದ ಬಿಸಿ ಬೇಳೆಯನ್ನು ಸುರಿದರೂ ಅಂಕಿ ತಪ್ಪು. ಎಲ್ಲಕ್ಕಿಂತ ದೊಡ್ಡ ಅಪಾಯ ಮಾಹಿತಿಯದು. ಯಾರ ಮನೆಯಲ್ಲಿ ಎಷ್ಟು ಚೀಲ ದಾಸ್ತಾನು ಎಂಬುದು ವ್ಯಾಪಾರಿಗೆ ತಿಳಿದರೆ ಚೌಕಾಸಿ ಅಲ್ಲಿಗೇ ಮುಗಿಯಿತು. ಆದ್ದರಿಂದ ಹೆಸರು ಸಂಘದ ಪುಸ್ತಕದಲ್ಲಿ ಮಾತ್ರ ಇರಲಿ, ಊರುವಾರು ಸರಾಸರಿಯಷ್ಟೇ ಹೊರಗೆ ಹೋಗಲಿ ಎಂದು ಒಪ್ಪಂದದಲ್ಲೇ ಬರೆಯಬೇಕು.

ಸಿಪ್ಪೆಯ ಲೆಕ್ಕವನ್ನೂ ಅದರಲ್ಲೇ ಸೇರಿಸಲಿ. ಔಟ್‌ಟರ್ನ್ 28 ಆದರೆ ಚೀಲಕ್ಕೆ ಸುಮಾರು 22 ಕೆ.ಜಿ. ಸಿಪ್ಪೆ ಹಲ್ಲಿಂಗ್ ಜಾಗದಲ್ಲೇ ಉಳಿಯುತ್ತದೆ. ತೋಟದ ಪೊಟ್ಯಾಷ್ ಹಾಗೆಯೇ ಹೊರಗೆ ಹೋಗಿ ಒಲೆ ಸೇರುತ್ತಿದೆ. ಖಾಲಿ ಮರಳುವ ಲಾರಿಯಲ್ಲಿ ಅದು ಗೊಬ್ಬರದ ಗುಂಡಿಗೆ ವಾಪಸು ಬರಬಹುದು.

ಉತ್ತರ ಕೊಡಗಿನ ಅರೇಬಿಕಾ ನವೆಂಬರ್‌ನಲ್ಲೇ ಕಣಕ್ಕೆ ಬರುತ್ತದೆ. ಯಂತ್ರ ತರಿಸಿ, ಮೀಟರ್ ಹೊಂದಿಸಿ, ಕೂರುವವರಿಗೆ ಕಲಿಸಲು ಎರಡು ತಿಂಗಳು ಬೇಕು. ಒಪ್ಪಂದ ಆಗಸ್ಟ್ ಒಳಗೆ ಆಗದಿದ್ದರೆ ಈ ಕೊಯ್ಲಿಗೂ ಹಿಡಿ ಲೆಕ್ಕವೇ ಗತಿ.

– ಕಾಫಿ ಬೆಳೆಗಾರರು, ಸುಂಟಿಕೊಪ್ಪ