ಗೇಟಿನಲ್ಲಿ ತಡೆದರೆ

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಮ್. ನಿನ್ನ ಕಾಗದದಲ್ಲಿದ್ದ ಫ್ರಾನ್ಸಿನ ಗ್ರೆನೋಬ್ಲ್‌ನ ಚಳಿ, ರೂಮಿನ ಬಾಡಿಗೆ ಎಲ್ಲ ನಿನ್ನಮ್ಮ ಓದಿ ಹೇಳಿದಳು. ಕೊನೆಗೆ ‘ಇಲ್ಲೂ ಗೇಟಿನಲ್ಲಿ ನಿಲ್ಲಿಸಿ ಹಿಜಾಬ್ ತೆಗಿ ಅಂದರೆ?’ ಅಂತ ಬರೆದೆಯಲ್ಲ, ಆ ಒಂದು ಸಾಲು ನನಗೆ ನಿದ್ದೆ ಕೊಡುತ್ತಿಲ್ಲ. 2022ರ ಉಡುಪಿ, ಕುಂದಾಪುರ ಇನ್ನೂ ನಿನ್ನ ಬೆನ್ನು ಬಿಟ್ಟಿಲ್ಲ.

ಫ್ರಾನ್ಸಿನಲ್ಲಿ ‘ಕಾಲೇಜ್’ ಅಂದರೆ 11ರಿಂದ 15 ವರ್ಷದ ಮಕ್ಕಳ ಶಾಲೆ. ವಿದ್ಯಾರ್ಥಿಗಳು ಎದ್ದು ಕಾಣುವ ಧಾರ್ಮಿಕ ಗುರುತು ತೊಡಬಾರದೆಂಬ 2004ರ ಮಾರ್ಚ್ 15ರ ಕಾನೂನು ಇಂಥ ಸರ್ಕಾರಿ ಶಾಲೆಗಳಿಗೆ, ಅದರ ಮುಂದಿನ ಹಂತದ ಶಾಲೆಗಳಾದ ಲಿಸೇಗಳಿಗೆ ಮಾತ್ರ. 2022ರಲ್ಲಿ ನಮ್ಮ ಹೈಕೋರ್ಟಿನ ಹಿಜಾಬ್ ತೀರ್ಪು ಬಂದದ್ದೂ ಮಾರ್ಚ್ 15ಕ್ಕೇ. ಎರಡನ್ನೂ ಕಲಸಿಕೊಂಡು ಹೆದರಬೇಡ. ನೀನಿರುವುದು ವಿಶ್ವವಿದ್ಯಾಲಯ. ಅಲ್ಲಿ ವಿದ್ಯಾರ್ಥಿಯ ತಲೆವಸ್ತ್ರಕ್ಕೆ ಆ ಕಾನೂನಿನ ತಡೆಯಿಲ್ಲ. ಮುಖ ಮುಚ್ಚಿದರೆ ಮಾತ್ರ 2010ರ ಕಾನೂನಿನಂತೆ 150 ಯೂರೋವರೆಗೆ ದಂಡ. ಹೊರಡುವ ಮುಂಚೆಯೇ ಕೂರಿಸಿಕೊಂಡು ಇದನ್ನು ಹೇಳಬೇಕಿತ್ತು, ನಾನು ಹೇಳಲಿಲ್ಲ.

ಪರೀಕ್ಷೆಯಲ್ಲಿ ಇಯರ್‌ಫೋನ್ ಇಲ್ಲವೆಂದು ತೋರಿಸಲು ಕಿವಿ ಕಾಣಿಸು ಎನ್ನಬಹುದು. ಲ್ಯಾಬಿನಲ್ಲಿ ಬೆಂಕಿ, ತಿರುಗುವ ಯಂತ್ರದ ಹತ್ತಿರ ಇಳಿಬಿಟ್ಟ ಸೆರಗು ಬೇಡ. ಗಿಡ್ಡದು, ಹತ್ತಿಯದು, ಬಿಗಿಯಾಗಿ ಸಿಕ್ಕಿಸಿಕೊಳ್ಳುವಂಥದು ಇಟ್ಟುಕೋ. ಇದು ಗೇಟಿನ ತಡೆಯಲ್ಲ.

ಆದರೆ ಮುಂದೆ ಅಲ್ಲೇ ಸಂಬಳಕ್ಕೆ ಪಾಠ ಮಾಡಲು ಸೇರಿದರೆ ಮಾತು ಬೇರೆ. ಸಾರ್ವಜನಿಕ ಸೇವೆಯ ನೌಕರರು ಯಾವ ಧರ್ಮದ ಗುರುತನ್ನೂ ತೊಡುವಂತಿಲ್ಲ, ಗುತ್ತಿಗೆಯವರೂ ಸೇರಿ. 2021ರಿಂದ ಆ ಸೇವೆ ನಡೆಸುವ ಖಾಸಗಿ ಕಂಪನಿಗಳಿಗೂ ಇದೇ ನಿಯಮ. ಸಹಿ ಹಾಕುವ ಮೊದಲು ಯೋಚಿಸು ಎಂದಷ್ಟೇ ಹೇಳಬಲ್ಲೆ.

ಈಜುಕೊಳದ ಮಾತನ್ನೂ ನೀನು ಕೇಳಿದ್ದೆ. ನಿನ್ನ ಊರಿನ ನಗರಸಭೆಯೇ 2022ರ ಮೇನಲ್ಲಿ ಬುರ್ಕಿನಿಗೆ, ಅಂದರೆ ಮೈ, ತಲೆ ಮುಚ್ಚುವ ಈಜುಡುಗೆಗೆ, ದಾರಿ ಮಾಡಿಕೊಟ್ಟಿತು. ಜೂನ್ 21ರಂದು ಕೊನ್ಸೇ ದೆತಾ ಎಂಬ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆ ನಿಯಮದ ಮೇಲಿನ ತಡೆಯನ್ನು ಎತ್ತಿಹಿಡಿಯಿತು. ಬಟ್ಟೆ ಮೈಗೆ ಅಂಟಿರಬೇಕೆಂಬ ಸ್ವಚ್ಛತೆಯ ನಿಯಮದಿಂದ ಒಂದು ಗುಂಪಿಗೆ ವಿನಾಯಿತಿ ಕೊಟ್ಟದ್ದು ತಪ್ಪು ಎಂಬುದು ಅದರ ಆಕ್ಷೇಪ. ಹಾಗಾಗಿ ಕೊಳದ ಗೇಟಿನಲ್ಲಿ ತಡೆಯಬಹುದು, ಮಗಳೇ. ಸುಳ್ಳು ಸಮಾಧಾನ ಹೇಳಲಾರೆ.

ಇನ್ನೊಂದು, ಬರೆಯಲೂ ಸಂಕಟ: ನಿವಾಸ ಕಾರ್ಡಿನ ಫೋಟೋ ಬರಿತಲೆಯಲ್ಲೇ ಆಗಬೇಕು. ರೈಲು ನಿಲ್ದಾಣ, ದೊಡ್ಡ ಅಂಗಡಿಗಳಲ್ಲಿ ಪರದೆಯಿರುವ ಫೋಟೋ ಪೆಟ್ಟಿಗೆ ಇರುತ್ತದೆ. ಅದರೊಳಗೆ ನೀನೊಬ್ಬಳೇ. ಪರದೆ ಎಳೆದುಕೋ, ತೆಗೆಸಿಕೋ, ಸ್ಕಾರ್ಫ್ ಕಟ್ಟಿಕೊಂಡೇ ಹೊರಗೆ ಬಾ.

ವಿಶ್ವವಿದ್ಯಾಲಯದ ಗೇಟಿನಲ್ಲೇ ಯಾರಾದರೂ ತಡೆದರೆ ವಾದ ಬೇಡ. ಯಾವ ನಿಯಮ ಎಂದು ಕೇಳು, ಬರವಣಿಗೆಯಲ್ಲಿ ಕೊಡಿ ಎನ್ನು, ದಿನಾಂಕ, ಹೊತ್ತು ಗುರುತು ಹಾಕಿಕೋ. ‘ದೆಫಾನ್ಸೆರ್ ದೆ ದ್ರುವಾ’ ಎಂಬ ಹಕ್ಕು ರಕ್ಷಕರ ಕಚೇರಿಗೆ ಆನ್‌ಲೈನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ಮೊದಲು ನನಗೆ ಫೋನ್ ಮಾಡು, ಇಲ್ಲಿ ನಡುರಾತ್ರಿಯಾಗಿದ್ದರೂ.

ನಿನ್ನ ಮಾಮು